ಕೊಲೆಗಾರ ಯಾರು ಅಂತ ನೆನಪಿರಲ್ಲ, ಆ ಜೋಡಿ ಮಾತ್ರ ಮರೆಯಲ್ಲ: ನ್ವಾರ್ ಕಾಮಿಡಿ ಪತ್ತೇದಾರರು ಯಾಕೆ ಇಷ್ಟ ಆಗ್ತಾರೆ?

ಮಧ್ಯರಾತ್ರಿ_ಮ್ಯಾಟಿನಿ
ಒಂದು ವಿಷ್ಯ ತಲೆ ತಿಂತಾ ಇದೆ. ಸಿನಿಮಾ ಹುಚ್ಚಿರೋರು ಯಾರಾದ್ರೂ ಬಿಡಿಸಿ ಹೇಳಿ.

ಒಬ್ಬ ಒರಟ, ಒಬ್ಬ ಪುಕ್ಕಲ. ಒಬ್ಬನ ಬಾಯಿ ಬಿಚ್ಚಲ್ಲ, ಇನ್ನೊಬ್ಬನದು ಮುಚ್ಚಲ್ಲ. ಒಬ್ಬರ ಮುಖ ಕಂಡ್ರೆ ಇನ್ನೊಬ್ಬರಿಗೆ ಆಗಲ್ಲ, ಆದ್ರೆ ಕೇಸ್ ಒಂದೇ. ಸುತ್ತಮುತ್ತ ಹಳೇ ನ್ವಾರ್ ಸಿನಿಮಾದ (ಹಾಲಿವುಡ್ಡಿನ ಕತ್ತಲು ತುಂಬಿದ ಕ್ರೈಂ ಕಥೆಗಳು) ಸರಕೆಲ್ಲ ಬಿದ್ದಿರುತ್ತೆ: ಕಾಣೆಯಾದ ಹುಡುಗಿ, ಸುಳ್ಳು ಹೇಳೋ ಗಿರಾಕಿ, ದುಡ್ಡಿರೋರ ಮನೆ ಪಾರ್ಟಿ, ಕೈಚೆಲ್ಲಿ ಕೂತ ಪೊಲೀಸು, ಎಲ್ಲೋ ಒಂದು ಹೆಣ. ಅಳಬೇಕಾದ ಜಾಗದಲ್ಲಿ ನಾವು ಬಿದ್ದುಬಿದ್ದು ನಗ್ತಿರ್ತೀವಿ. ಶೇನ್ ಬ್ಲ್ಯಾಕ್ ಮಾಡಿದ "ಕಿಸ್ ಕಿಸ್ ಬ್ಯಾಂಗ್ ಬ್ಯಾಂಗ್" (2005), ಆಮೇಲೆ "ದಿ ನೈಸ್ ಗೈಸ್" (2016) ಈ ಪೈಕಿ.

ನನ್ನ ತಕರಾರು ಏನಂದ್ರೆ, "ನೈಸ್ ಗೈಸ್" ಎಷ್ಟು ಸಲ ನೋಡಿದ್ರೂ ಕಥೆ ಹೇಳು ಅಂದ್ರೆ ತಡವರಿಸ್ತೀನಿ. ಯಾರು ಯಾರನ್ನ ಯಾಕೆ ಕೊಂದ್ರು ಅನ್ನೋದು ಅರ್ಧಂಬರ್ಧ. ಆದ್ರೆ ರಯಾನ್ ಗೊಸ್ಲಿಂಗ್ ಟಾಯ್ಲೆಟ್‌ನಲ್ಲಿ ಕೂತಿರೋ ಸೀನು ಚೂರೂ ಬಿಡದೆ ನೆನಪಿದೆ. ರಹಸ್ಯಕ್ಕೋಸ್ಕರ ನೋಡ್ತಿಲ್ಲ ಅಂದ್ರೆ ನಾವು ನೋಡ್ತಿರೋದಾದ್ರೂ ಏನು?

ಟಾಕೀಸ್_ತಿಮ್ಮ
ಫಾರ್ಮುಲಾ ಗುರು. ಇಬ್ಬರು ಹೀರೋ, ಜಗಳ, ಕ್ಲೈಮ್ಯಾಕ್ಸಲ್ಲಿ ಕೈಕುಲುಕೋದು. ಇದಕ್ಕೆ ಇಷ್ಟು ಉದ್ದ ಪೋಸ್ಟಾ?

ಹುಬ್ಬಳ್ಳಿ_ಹುಂಬ
ತಿಮ್ಮಣ್ಣ, ಫಾರ್ಮುಲಾ ಅಂದ್ರ ಎಲ್ಲಾರೂ ಮಾಡಬೇಕಿತ್ತಲ್ಲಪಾ. ಎಷ್ಟ ಮಂದಿ ಮಾಡಿ ಮುಗ್ಗರಿಸ್ಯಾರ ನೋಡು.

ಆ ಟಾಯ್ಲೆಟ್ ಸೀನ್ ಹೇಳೇ ಬಿಡ್ತೀನಿ, ನೋಡದವರಿಗೆ. ಗೊಸ್ಲಿಂಗ್ ಪ್ಯಾಂಟ್ ಇಳಿಸಿ ಕುಂತಾನ. ಎಡಗೈ ಪ್ಲಾಸ್ಟರಿನ್ಯಾಗ ಐತಿ. ಆ ಕೈ ಮುರಿದಾಂವ, ಅಂದ್ರ ರಸೆಲ್ ಕ್ರೋ, ಬಾಗಿಲ ಮುಂದ ಬಂದು ನಿಂತಾನ. ಈಗ ಇಂವಾ ಏನೇನ್ ಮಾಡಬೇಕ್ರೀ? ಪಿಸ್ತೂಲು ಹಿಡೀಬೇಕು, ಮ್ಯಾಗಝೀನಿನಿಂದ ಮಾನ ಮುಚ್ಚಬೇಕು, ಬಾಯಾಗಿನ ಸಿಗರೇಟು ಬೀಳಬಾರದು, ತಾನಾಗೇ ಮುಚ್ಚಿಕೊಳ್ಳೋ ಬಾಗಿಲಾ ಕಾಲಿಂದ ಒದ್ದು ತಗದು ಇಡಬೇಕು. ಒಂದು ಹಿಡದ್ರ ಇನ್ನೊಂದು ಬೀಳ್ತೈತಿ. ಕ್ರೋ ಸುಮ್ಮನ ನಿಂತು ನೋಡ್ತಾನ, ಅಷ್ಟ. ಆಂವ ನಕ್ಕಿದ್ರ ಸೀನ್ ಸತ್ತಹೋಗ್ತಿತ್ತು.

ಗ್ರಾಮಫೋನ್
ಹುಬ್ಬಳ್ಳಿಯವರು ಕೊನೇ ಸಾಲಲ್ಲಿ ಹೇಳಿದ್ದೇ ನನ್ನ ಉತ್ತರದ ಅರ್ಧ. ಇನ್ನರ್ಧ ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನಲವತ್ತರ ದಶಕದ ನ್ವಾರ್ ಪತ್ತೇದಾರ ಒಂಟಿ. ಅವನ ಜತೆ ಮಾತಾಡೋಕೆ ಯಾರೂ ಇರಲ್ಲ, ಅದಕ್ಕೇ ಹಿನ್ನೆಲೆ ದನಿ. ತನ್ನ ಸೋಲು, ತನ್ನ ಜಾಣತನ, ಊರಿನ ಕೊಳಕು ಎಲ್ಲಾನೂ ನಮ್ಮ ಕಿವಿಗೆ ಮಾತ್ರ ಹೇಳ್ತಾನೆ. ನಾವು ವಾಪಸ್ ಮಾತಾಡೋ ಹಾಗಿಲ್ಲ. ಅವನು ಎಷ್ಟೇ ಬಡಾಯಿ ಕೊಚ್ಚಿದ್ರೂ "ಸಾಕು ಸುಮ್ನಿರೋ" ಅನ್ನೋರಿಲ್ಲ.

ಆ ಒಂಟಿ ಪಕ್ಕದಲ್ಲಿ ಅವನನ್ನ ಚೂರೂ ನಂಬದ ಒಬ್ಬನನ್ನ ಕೂರಿಸಿ ನೋಡಿ. ಬಡಾಯಿ ಎರಡನೇ ಸಾಲಿಗೇ ನಿಂತು ಹೋಗುತ್ತೆ. "ಕಿಸ್ ಕಿಸ್" ನಲ್ಲಿ ರಾಬರ್ಟ್ ಡೌನಿ ಜೂನಿಯರ್ ಪಾತ್ರ ಹ್ಯಾರಿ ಸಣ್ಣಪುಟ್ಟ ಕಳ್ಳ. ಪೊಲೀಸರಿಂದ ಓಡಿ ಬಂದು ಒಂದು ಆಡಿಷನ್ ಕೋಣೆಗೆ ನುಗ್ಗಿ ನಟ ಅನ್ನಿಸ್ಕೊಂಡವನು. ಪತ್ತೇದಾರಿಕೆ ಕಲಿಸೋಕೆ ವಾಲ್ ಕಿಲ್ಮರ್ ಪಾತ್ರ ಪೆರಿ ಸಿಕ್ತಾನೆ, ಅವನು ಅಸಲಿ ಖಾಸಗಿ ಪತ್ತೇದಾರ. ಒಂದು ಕಡೆ ಹ್ಯಾರಿ ಸಿನಿಮಾ ಸ್ಟೈಲಲ್ಲಿ ರಿವಾಲ್ವರಿಗೆ ಒಂದೇ ಗುಂಡು ಹಾಕಿ, ತಿರುಗಿಸಿ, ಒಬ್ಬನ ತಲೆಗೆ ಹಿಡಿದು ಹೆದರಿಸೋಕೆ ಟ್ರಿಗರ್ ಒತ್ತುತ್ತಾನೆ. ಢಂ. ಮೊದಲ ಒತ್ತಿಗೇ ಅವನು ಸತ್ತ. ಮಾಹಿತಿ ಹೇಳಬೇಕಾದವನೇ ಹೋದ. ಹ್ಯಾರಿ ಶೇಕಡಾ ಎಂಟು ಸಾಧ್ಯತೆ ಅಂತ ಲೆಕ್ಕ ಒಪ್ಪಿಸಿದ್ರೆ, ಪೆರಿ ನಿನಗೆ ಗಣಿತ ಕಲಿಸಿದ್ದು ಯಾರು ಅಂತ ಕಿರುಚ್ತಾನೆ.

ಅಲ್ಲಿ ಹೆಣ ಬಿದ್ದಿದೆ, ನಾವು ನಗ್ತಿದ್ದೀವಿ, ಹೊಟ್ಟೇಲಿ ಒಂಥರಾ ಕಸಿವಿಸಿ. ಎರಡೂ ಒಟ್ಟಿಗೆ ಆಗಬೇಕು ಅಂದ್ರೆ ಪಕ್ಕದಲ್ಲಿ ಪೆರಿ ಇರಲೇಬೇಕು.

ಟಾಕೀಸ್_ತಿಮ್ಮ
ಒಂಟಿ ಒಂಟಿ ಅಂತೀರಾ. 1944ರ "ಡಬಲ್ ಇಂಡೆಮ್ನಿಟಿ" ನೋಡಿಲ್ವಾ? ನ್ವಾರ್‌ಗೆ ಅದಕ್ಕಿಂತ ದೊಡ್ಡ ಹೆಸರು ಬೇಕಾ? ಅಲ್ಲಿ ಜೋಡಿ ಇದೆ. ನೆಫ್ ವಿಮೆ ಮಾರೋನು, ಕೀಸ್ ಕ್ಲೇಮು ತನಿಖೆ ಮಾಡೋನು. ಸಿನಿಮಾ ಪೂರ್ತಿ ಕೀಸ್‌ಗೆ ಬೆಂಕಿಕಡ್ಡಿ ಸಿಗಲ್ಲ, ನೆಫ್ಫೇ ಗೀರಿ ಚುಟ್ಟ ಹಚ್ಚಿಕೊಡ್ತಾನೆ. ಕೊನೇಲಿ ಗುಂಡು ತಿಂದು ಬಿದ್ದ ನೆಫ್‌ಗೆ ಕೀಸ್ ಸಿಗರೇಟು ಹಚ್ಚುತ್ತಾನೆ. ನೆಫ್‌ನ ಕೊಲೆಗಿಳಿಸಿದ ಹೆಂಗಸಿನ ಮೋಹಕ್ಕಿಂತ ಈ ಇಬ್ಬರ ಸ್ನೇಹಾನೇ ದೊಡ್ಡದು ಅಲ್ಲಿ.

ಗ್ರಾಮಫೋನ್
ಹಾಗಾದ್ರೆ ನೀವು ಬರೀ ಫಾರ್ಮುಲಾ ಅಂದಿದ್ದು ವಾಪಸ್ ತಗೊಳ್ಳಿ 😀 ಆ ಸಿನಿಮಾದಲ್ಲೂ ನೆಫ್ ಕಥೆ ಹೇಳೋದು ಯಾರಿಗೆ? ಆಫೀಸಲ್ಲಿ ರಾತ್ರಿ ಒಬ್ಬನೇ ಕೂತು, ಮಾತು ರೆಕಾರ್ಡ್ ಮಾಡೋ ಡಿಕ್ಟಾಫೋನಿಗೆ. ಕೀಸ್‌ಗೆ ಎದುರಾ ಎದುರು ಹೇಳೋ ಧೈರ್ಯ ಇಲ್ಲದೆ ಯಂತ್ರಕ್ಕೆ ಹೇಳ್ತಾನೆ. ಸ್ನೇಹ ಇದ್ದೂ ಒಂಟಿ. ಕಾಮಿಡಿ ಜೋಡಿಗೆ ಆ ಬಿಂಕ ಇರಲ್ಲ, ಮುಖಕ್ಕೇ ಬೈತಾರೆ.

ಕುಡ್ಲದ_ಕುಂಟಾಂಗಿಲ
ನೀವೆಲ್ಲ 1944 ಅಂತೀರಿ, 1934ರಲ್ಲೇ ಉಂಟಲ್ಲ ಮಾರಾಯ್ರೆ. "ದಿ ಥಿನ್ ಮ್ಯಾನ್". ನಿಕ್ ಮತ್ತು ನೋರಾ, ಗಂಡ ಹೆಂಡತಿ. ಅವನು ಪತ್ತೇದಾರಿಕೆ ಬಿಟ್ಟು ಕುಡೀತಾ ಕೂತವ, ಅವಳು ಶ್ರೀಮಂತರ ಮಗಳು, ಕೊಲೆ ಕೇಸು ಅಂದ್ರೆ ಅವಳಿಗೇ ಹೆಚ್ಚು ಆಸೆ. ಒಂದು ನಾಯಿ ಬೇರೆ. 1947ರ ತನಕ ಆರು ಸಿನಿಮಾ ಬಂತು. ಅದಕ್ಕೆ ಮೂಲ ಡ್ಯಾಶಿಯಲ್ ಹ್ಯಾಮೆಟ್ ಕಾದಂಬರಿ. ಕಟು ಪತ್ತೇದಾರಿ ಕಥೆಗೆ ಹೆಸರಾದವನೇ ಈ ನಗೆಯ ಜೋಡಿಯನ್ನೂ ಕೊಟ್ಟದ್ದು. ಎರಡೂ ಒಂದೇ ಒಲೆಯಲ್ಲಿ ಬೆಂದದ್ದು ಅಂತ ನನ್ನ ಲೆಕ್ಕ.

ಮಧ್ಯರಾತ್ರಿ_ಮ್ಯಾಟಿನಿ
ಥಿನ್ ಮ್ಯಾನ್ ಜೋಡಿಗೆ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಇದೆಯಲ್ಲ, ಅದು ಹೊಂದದ ಜೋಡಿ ಹೇಗಾಗುತ್ತೆ? ನಾನು ಕೇಳ್ತಿರೋದು ಕಂಡ್ರಾಗದವರ ಬಗ್ಗೆ. 1982ರ "48 ಅವರ್ಸ್" ತರ, ಪೊಲೀಸು ನಿಕ್ ನೋಲ್ಟಿ, ಜೈಲಿಂದ ಎರಡು ದಿನಕ್ಕೆ ಈಚೆ ಬಂದ ಕೈದಿ ಎಡ್ಡಿ ಮರ್ಫಿ.

ಕುಡ್ಲದ_ಕುಂಟಾಂಗಿಲ
ಪ್ರೀತಿ ಇದ್ದವರು ಹೊಂದಿಕೊಂಡು ಹೋಗ್ತಾರೆ ಅಂತ ನಿಮಗೆ ಯಾರು ಹೇಳಿದ್ದು? ಮದುವೆ ಆಗಿಲ್ವಾ ನಿಮಗೆ?

ಮಧ್ಯರಾತ್ರಿ_ಮ್ಯಾಟಿನಿ
😂 ಆಗಿಲ್ಲ ಸಾರ್. ಮುಂದಕ್ಕೆ ಹೋಗೋಣ.

ಲೇಡಿ_ಪತ್ತೇದಾರಿ
ಗಂಡಸರಿಬ್ಬರ ಸ್ನೇಹ ಗಂಡಸರಿಬ್ಬರ ಸ್ನೇಹ ಅಂತ ಎಲ್ಲರೂ ಕರಗಿ ನೀರಾಗಿದ್ದೀರಿ. "ನೈಸ್ ಗೈಸ್" ನಲ್ಲಿ ಅಸಲಿಗೆ ಪತ್ತೇದಾರಿಕೆ ಮಾಡೋದು ಹಾಲಿ, 13 ವರ್ಷದ ಮಗಳು. ಖಾಸಗಿ ಪತ್ತೇದಾರ ಅಪ್ಪ ಮಾರ್ಚ್, ಅಂದ್ರೆ ಗೊಸ್ಲಿಂಗ್, ಕುಡಿದು ಗುಡ್ಡದಿಂದ ಉರುಳಿ ಹೆಣದ ಪಕ್ಕ ಬಂದು ಕೂರ್ತಾನೆ, ಅದೂ ಆಕಸ್ಮಿಕ. ಮಗಳು ಕಾರು ಓಡಿಸ್ತಾಳೆ, ಪಾರ್ಟಿಗೆ ಕದ್ದು ಬಂದು ನಾಲ್ಕು ಜನರನ್ನ ವಿಚಾರಿಸ್ತಾಳೆ, ಅಪ್ಪನ ಮುಖಕ್ಕೆ ನೀನು ಕೆಟ್ಟವನು ಅಂತಲೂ ಹೇಳ್ತಾಳೆ.

ಇನ್ನೊಂದು. ಕ್ರೋ ಮಾಡಿರೋ ಹೀಲಿ ಬಾಡಿಗೆಗೆ ಕೈಕಾಲು ಮುರಿಯೋನು. ಸಾಯ್ತಾ ಬಿದ್ದ ವೈರಿಗೆ ಸಹಾಯ ಮಾಡೋಣ ಅಂತ ಹಾಲಿ ಹೇಳಿದ್ರೆ, ಅವಳು ಆ ಕಡೆ ತಿರುಗಿದ ಹೊತ್ತಲ್ಲಿ ಇವನು ಕತ್ತು ಹಿಸುಕಿ ಮುಗಿಸ್ತಾನೆ. ಅವಳ ಮುಂದೆ ಒಳ್ಳೆಯವನ ಹಾಗೆ ಮುಖ ಮಾಡ್ಕೊಂಡು ನಿಲ್ತಾನೆ. ಆಮೇಲೆ ಕ್ಲೈಮ್ಯಾಕ್ಸಲ್ಲಿ ಅದೇ ಹುಡುಗಿ ಬೇಡ ಅಂದಾಗ ಕೈ ಹಿಂದೆ ತಗೋತಾನೆ. ಇಬ್ಬರು ಗಂಡಸರ ಮಧ್ಯೆ ನಡೆಯೋ ತಮಾಷೆಗಿಂತ, ಈ ಮಗು ತಮ್ಮನ್ನ ನೋಡ್ತಿದೆ ಅನ್ನೋ ಸಂಕೋಚ ಆ ಸಿನಿಮಾನ ಹಿಡಿದು ನಿಲ್ಸಿದೆ.

ಹುಬ್ಬಳ್ಳಿ_ಹುಂಬ
ಅಕ್ಕಾರ, ಖರೇ ಹೇಳಿದ್ರಿ. ಹೀಲಿ ಕತ್ತು ಹಿಸಕೋ ಸೀನಿನ್ಯಾಗ ನಮ್ಮ ರೂಮಿನ್ಯಾಗ ಎಲ್ಲಾರೂ ಗಪ್ ಆಗಿದ್ವಿ. ಅದಕ್ಕ ಮುಂಚೆ ಎಲ್ಲಾ ನಗೂದ ನಡದಿತ್ತು.

ಟಾಕೀಸ್_ತಿಮ್ಮ
ಆದ್ರೆ ದಾರಿಹೋಕರಿಗೂ ಗುಂಡು ಬೀಳುತ್ತೆ ಆ ಸಿನಿಮಾದಲ್ಲಿ, ಅದನ್ನೂ ಜೋಕು ಮಾಡಿದ್ದಾರೆ. ನನಗದು ಹಿಡಿಸಲಿಲ್ಲ. ಮಗುವಿನ ಮನಸ್ಸಿನ ಬಗ್ಗೆ ಪಾಠ ಮಾಡೋ ಸಿನಿಮಾ ಪಕ್ಕದ ಮನೆಯವರು ಸತ್ತರೆ ನಗು ಅನ್ನುತ್ತೆ.

ಲೇಡಿ_ಪತ್ತೇದಾರಿ
ಅದು ನಿಜ. ಅದಕ್ಕೆ ನನ್ನ ಹತ್ರ ಸಮರ್ಥನೆ ಇಲ್ಲ.

ಕ್ಯಾಮೆರಾ_ಕಣ್ಣು
ಯಾರೂ ಹೇಳದ ಒಂದು ಸೀನು. ಮಾರ್ಚ್ ಒಬ್ಬ ಮುದುಕಿ ಮನೇಲಿ ಕೂತಿದ್ದಾನೆ. ಗಂಡ ಕಾಣೆಯಾಗಿದ್ದಾನೆ, ಹುಡುಕಿಕೊಡು ಅಂತಾಳೆ ಅಜ್ಜಿ. ಯಾವಾಗಿಂದ ಕಾಣ್ತಿಲ್ಲ ಅಂದ್ರೆ, ಶವಸಂಸ್ಕಾರ ಆದಾಗಿಂದ ಅಂತಾಳೆ. ಅಸ್ಥಿ ಇಟ್ಟಿರೋ ಕರಂಡ ಅಲ್ಲೇ ಶೆಲ್ಫ್ ಮೇಲಿದೆ. ಮಾರ್ಚ್ ಒಂದು ಸಲ ಅದನ್ನ ನೋಡಿ, ಕೇಸು ತಗೊಂಡು ಬರ್ತಾನೆ.

ಅರ್ಧ ನಿಮಿಷದ ತಮಾಷೆ. ಆದ್ರೆ ಇವನು ಎಷ್ಟು ಕೆಳಗಿಳಿದಿದ್ದಾನೆ, ಇವನ ಕಸುಬು ಎಂಥದ್ದು, ಅಜ್ಜಿ ಎಷ್ಟು ಒಂಟಿ, ಎಲ್ಲಾ ಅದರೊಳಗೇ ಬಂತು. ಅವನ ಹೆಂಡತಿ ಸತ್ತಿದ್ದಾಳೆ, ಮನೆ ಸುಟ್ಟಿದೆ, ಅವನಿಗೆ ವಾಸನೆ ಗೊತ್ತಾಗಲ್ಲ ಅನ್ನೋದು ಆಮೇಲೆ ಒಂದೊಂದೇ ಹೊರಗೆ ಬರುತ್ತೆ. ವಾಸನೆ ಹಿಡಿಯೋಕಾಗದ ಪತ್ತೇದಾರ! ಕೈ ಮೇಲೆ ನೀನು ಯಾವತ್ತೂ ಸುಖವಾಗಿರಲ್ಲ ಅಂತ ಬರ್ಕೊಂಡಿರ್ತಾನೆ. ಇದೇ ಸ್ಕ್ರಿಪ್ಟನ್ನ ಜೋಕು ಕಿತ್ತು ಹಾಕಿ ಸಿನಿಮಾ ಮಾಡಿದ್ರೆ ಅಪ್ಪಟ ನ್ವಾರ್, ಯಾರೂ ಎರಡನೇ ಸಲ ನೋಡ್ತಿರಲಿಲ್ಲ.

ಕಾಫಿಪುಡಿ
ಇಷ್ಟು ಒಳ್ಳೇ ಸಿನಿಮಾ ಓಡಲಿಲ್ವಂತಲ್ಲ?

ಕ್ಯಾಮೆರಾ_ಕಣ್ಣು
ಸುಮಾರು 50 ಮಿಲಿಯನ್ ಡಾಲರ್ ಹಾಕಿದ್ರು, ಪ್ರಪಂಚ ಪೂರ್ತಿ ಗಳಿಸಿದ್ದು 60ರ ಆಸುಪಾಸು. ಪ್ರಚಾರದ ಖರ್ಚು, ಥಿಯೇಟರ್ ಪಾಲು ಕಳೆದ್ರೆ ನಷ್ಟವೇ. ಅಮೆರಿಕದಲ್ಲಿ 2016ರ ಮೇ 20ಕ್ಕೆ ಬಂತು, ಅದೇ ದಿನ "ಆಂಗ್ರಿ ಬರ್ಡ್ಸ್" ಬಂತು. ಮೊಬೈಲ್ ಗೇಮಿನ ಹಕ್ಕಿಗಳ ಮುಂದೆ ಇವರಿಬ್ಬರೂ ಬಿದ್ರು. ಅದಕ್ಕೇ ಎರಡನೇ ಭಾಗ ಬರಲಿಲ್ಲ.

ಹುಬ್ಬಳ್ಳಿ_ಹುಂಬ
ಹಕ್ಕಿ ಮುಂದ ಸೋತ್ರು ಅಂದ್ರ ಇವರ ಕಥಿಗೆ ಸರಿಯಾದ ಕ್ಲೈಮ್ಯಾಕ್ಸ್ ಅದ.

ಸೈಲೆನ್ಸರ್
ನಾನು ಸಿನಿಮಾ ಪಂಡಿತ ಅಲ್ಲ, ಗಾಡಿ ಕೆಲಸದವನು. ಆ ಸಿನಿಮಾದ ಒಳಸಂಚು ಕಾರಿನ ಹೊಗೆ ಬಗ್ಗೆ ಅನ್ನೋದನ್ನ ಇಷ್ಟು ಹೊತ್ತಾದ್ರೂ ಒಬ್ಬರೂ ಎತ್ತಲಿಲ್ವಲ್ಲ! ಡೆಟ್ರಾಯಿಟ್ ಕಾರು ಕಂಪನಿಗಳು ಸೇರ್ಕೊಂಡು, ಹೊಗೆಯ ವಿಷ ಕಮ್ಮಿ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಬರದಂಗೆ ತಡೀತಿವೆ, ಅದನ್ನ ಬಯಲಿಗೆಳೆಯೋಕೆ ಹೋದವರು ಸಾಯ್ತಿದ್ದಾರೆ, ಇದು ಕಥೆ.

ಸಣ್ಣ ತಪ್ಪು ಇದೆ. ಕಥೆ ನಡೆಯೋದು 1977ರಲ್ಲಿ. ಅಮೆರಿಕದಲ್ಲಿ 1975ರ ಮಾಡೆಲ್‌ನಿಂದಲೇ ಬಹುಪಾಲು ಹೊಸ ಕಾರಿಗೆ ಕನ್ವರ್ಟರ್ ಬಂದಿತ್ತು, ಅದಕ್ಕಾಗೇ ಸೀಸ ಇಲ್ಲದ ಪೆಟ್ರೋಲ್ ಕೂಡ ಬಂತು. ಸೀಸ ಇದ್ರೆ ಕನ್ವರ್ಟರ್ ಒಳಗಿನ ಪ್ಲಾಟಿನಂ ಪದರ ಕೆಲಸಕ್ಕೆ ಬಾರದಂಗಾಗುತ್ತೆ. ಆದ್ರೆ ಸಂಚು ಪೂರ್ತಿ ಕಟ್ಟುಕಥೆ ಅಲ್ಲ. 1969ರ ಜನವರಿಯಲ್ಲಿ ಅಲ್ಲಿನ ನ್ಯಾಯ ಇಲಾಖೆ ಜಿಎಂ (ಜನರಲ್ ಮೋಟರ್ಸ್), ಫೋರ್ಡ್, ಕ್ರೈಸ್ಲರ್, ಅಮೆರಿಕನ್ ಮೋಟರ್ಸ್ ಮೇಲೆ ಕೇಸ್ ಹಾಕಿತ್ತು, ಹೊಗೆ ತಡೆಯೋ ಸಾಧನ ತರೋದನ್ನ ಒಳಗೊಳಗೇ ಮಾತಾಡ್ಕೊಂಡು ತಡ ಮಾಡ್ತಿದ್ದೀರಿ ಅಂತ. ಅದೇ ವರ್ಷ ವಿಚಾರಣೆನೇ ನಡೀದೆ ರಾಜಿ ಆಯ್ತು. ಸಿನಿಮಾದಲ್ಲಿ ಅದೇ ಇಲಾಖೆ ದೊಡ್ಡ ಅಧಿಕಾರಿ (ನಟಿ ಕಿಮ್ ಬೇಸಿಂಗರ್) ಕಂಪನಿಗಳ ಕಡೆಯವಳು. ಕೊನೇಲಿ ಸಾಕ್ಷಿ ಸಾಲದು ಅಂತ ಕಂಪನಿಗಳು ಪಾರಾಗ್ತವೆ.

ನಮ್ಮ ದೇಶದಲ್ಲಿ ಕನ್ವರ್ಟರ್ ಕಡ್ಡಾಯ ಆಗಿದ್ದು 1995ರಲ್ಲಿ, ಅದೂ ಮೊದಲಿಗೆ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ನಾಲ್ಕೇ ಊರಲ್ಲಿ. ಬೆಂಗಳೂರು ಪಟ್ಟಿಯಲ್ಲೇ ಇರಲಿಲ್ಲ.

ಗ್ರಾಮಫೋನ್
ಸೈಲೆನ್ಸರ್, ಕಾಲಿಗೆ ಬಿದ್ದೆ. ಪೋಸ್ಟ್ ಹಾಕಿದವರ ಪ್ರಶ್ನೆಗೆ ಉತ್ತರ ನಿಮ್ಮ ಕಾಮೆಂಟಲ್ಲಿದೆ.

ಎಷ್ಟೋ ಲಾಸ್ ಏಂಜಲೀಸ್ ನ್ವಾರ್‌ಗಳಲ್ಲಿ ಸಣ್ಣ ಕೊಲೆ ಹಿಂದೆ ಊರಿಗೆ ಊರನ್ನೇ ನುಂಗೋ ಕೆಲಸ ಇರುತ್ತೆ. "ಚೈನಾಟೌನ್" (1974) ನೀರಿನದು. ಅದರ ಬೇರು ಇರೋದು 1913ರಲ್ಲಿ ಮುಗಿದ ಕಾಲುವೇಲಿ, ಓವೆನ್ಸ್ ಕಣಿವೆಯ ನೀರು ನೂರಾರು ಮೈಲಿ ಆಚೆಯ ನಗರಕ್ಕೆ ಬಂದ ಕಥೆ. "ಹೂ ಫ್ರೇಮ್ಡ್ ರಾಜರ್ ರ್‍ಯಾಬಿಟ್" (1988) ರಸ್ತೇದು. ಟ್ರಾಮ್ ಕಂಪನಿ ಕೊಂಡು ಮುಚ್ಚಿ ಫ್ರೀವೇ (ಕಾರಿನ ಹೆದ್ದಾರಿ) ಮಾಡೋ ಸಂಚು. "ನೈಸ್ ಗೈಸ್" ಗಾಳೀದು. ನೀರು, ರಸ್ತೆ, ಗಾಳಿ. ಇದನ್ನ ಒಬ್ಬ ಪತ್ತೇದಾರ ಬಿಡಿಸೋಕೆ ಸಾಧ್ಯಾನೇ ಇಲ್ಲ. ಗಂಭೀರ ಸಿನಿಮಾದಲ್ಲಿ ಅವನು ಅದು ಗೊತ್ತಾಗಿ ಮುರಿದು ಬೀಳ್ತಾನೆ. ಕಾಮಿಡಿ ಸಿನಿಮಾದಲ್ಲೂ ಸೋಲ್ತಾನೆ, ಆದ್ರೆ ಸೋತಾಗ ಪಕ್ಕದಲ್ಲಿ ಬಾರಿನಲ್ಲಿ ಕೂರೋಕೆ ಇನ್ನೊಬ್ಬ ಇರ್ತಾನೆ. ಕೊಲೆಗಾರ ನೆನಪಿರಲ್ಲ ಯಾಕೆ ಅಂದ್ರೆ ಅವನು ಸಿಕ್ಕಿದ್ರೂ ಏನೂ ಬದಲಾಗಲ್ಲ. ಬದಲಾಗೋದು ಆ ಇಬ್ಬರು ಮಾತ್ರ.

ರೈಲ್ವೆ_ರಂಗಣ್ಣ
ರಾಜರ್ ರ್‍ಯಾಬಿಟ್ ವಿಷಯದಲ್ಲಿ ಒಂದು ತಿದ್ದುಪಡಿ, ಇಲ್ದಿದ್ರೆ ನಿದ್ದೆ ಬರಲ್ಲ ನನಗೆ. ಸಿನಿಮಾದಲ್ಲಿ ತೋರಿಸೋದು ಕೆಂಪು ಟ್ರಾಮು. ಜಿಎಂ ಮುಂತಾದವರ ದುಡ್ಡಿದ್ದ ನ್ಯಾಷನಲ್ ಸಿಟಿ ಲೈನ್ಸ್ 1945ರಲ್ಲಿ ಕೊಂಡಿದ್ದು ಹಳದಿ ಟ್ರಾಮಿನ ಕಂಪನಿ. ಕೆಂಪು ಟ್ರಾಮು ಪೆಸಿಫಿಕ್ ಎಲೆಕ್ಟ್ರಿಕ್‌ದು, ಅದು ನಷ್ಟದಲ್ಲಿ ತೆವಳಿ 1961ಕ್ಕೆ ಪೂರ್ತಿ ನಿಂತಿತು. ಸಂಚೊಂದರಿಂದಲೇ ಟ್ರಾಮು ಸತ್ತಿತು ಅನ್ನೋದನ್ನ ಇತಿಹಾಸಕಾರರು ಹಾಗೇ ಒಪ್ಪಲ್ಲ, ಜನ ಕಾರು ಕೊಂಡಿದ್ದೂ ಕಾರಣ.

ಆದ್ರೆ ಕೇಸ್ ನಡೆದಿದ್ದು ಹೌದು. 1949ರಲ್ಲಿ ಶಿಕಾಗೋದಲ್ಲಿ ತೀರ್ಪು ಬಂತು, ಬಸ್ಸು, ಸಾಮಾನು ಮಾರಾಟದಲ್ಲಿ ಏಕಸ್ವಾಮ್ಯಕ್ಕೆ ಸಂಚು ಮಾಡಿದ್ರು ಅಂತ. ಕಂಪನಿಗಳಿಗೆ ತಲಾ 5000 ಡಾಲರ್ ದಂಡ. ಜಿಎಂ ಖಜಾಂಚಿಗೆ ಎಷ್ಟು ಗೊತ್ತಾ? ಒಂದು ಡಾಲರ್.

ಹುಬ್ಬಳ್ಳಿ_ಹುಂಬ
ಒಂದ್ ಡಾಲರ್!! ಇದಕ್ಕಿಂತ ಚಲೋ ಕಾಮಿಡಿ ಬರ್ಯಾಕ ಯಾರಿಗೆ ಬರ್ತೈತ್ರೀ?

ಕಣಿವೆ_ಕನ್ನಡತಿ
ಲಾಸ್ ಏಂಜಲೀಸಿನ ಸ್ಯಾನ್ ಫರ್ನಾಂಡೋ ಕಣಿವೆಯಿಂದ ಬರೀತಿದ್ದೀನಿ, ಅಂದ್ರೆ ಓವೆನ್ಸ್ ನೀರು ಬಂದು ಬೀಳೋ ಜಾಗದಿಂದಲೇ. ನಮ್ಮ ಪಕ್ಕದ ಮನೆ ಅಜ್ಜಿ ಇಲ್ಲೇ ಹುಟ್ಟಿ ಬೆಳೆದವರು. ಅವರ ಪ್ರಕಾರ ಸ್ಕೂಲಿಗೆ ಹೋಗುವಾಗ ಎದುರಿಗಿರೋ ಬೆಟ್ಟ ಬೇಸಿಗೆ ಪೂರ್ತಿ ಕಾಣ್ತಾನೇ ಇರಲಿಲ್ಲವಂತೆ. ಹೊಗೆ ಜಾಸ್ತಿ ಇದ್ದ ದಿನ ಆಟದ ಪೀರಿಯಡ್ ರದ್ದು.

1943ರ ಜುಲೈನಲ್ಲಿ ಮೊದಲ ಸಲ ದಟ್ಟ ಹೊಗೆ ಕವಿದಾಗ ಜನ ಜಪಾನಿನವರು ವಿಷಾನಿಲ ಬಿಟ್ಟರು ಅಂತ ಹೆದರಿದ್ದರಂತೆ, ಯುದ್ಧದ ಕಾಲ ನೋಡಿ. ಅದು ಕಾರಿನ ಹೊಗೆ ಮತ್ತು ಬಿಸಿಲು ಸೇರಿ ಆಗೋದು ಅಂತ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ವಿಜ್ಞಾನಿ ಹಾಗೆನ್-ಸ್ಮಿಟ್ ತೋರಿಸಿಕೊಟ್ಟಿದ್ದು ಐವತ್ತರ ದಶಕದ ಶುರುವಲ್ಲಿ. ವೈರಿ ಹೊರಗಿನವನು ಅಂದ್ಕೊಂಡು ಹುಡುಕಿದ್ರೆ ತಮ್ಮ ಮನೆ ಗ್ಯಾರೇಜಲ್ಲೇ ಸಿಕ್ಕ. ಇದೇ ಒಂದು ಪತ್ತೇದಾರಿ ಕಥೆ.

ಇನ್ನೊಂದು ತಮಾಷೆ, "ನೈಸ್ ಗೈಸ್" ಬಹುಪಾಲು ಚಿತ್ರೀಕರಣ ಆಗಿದ್ದು ಅಟ್ಲಾಂಟಾದಲ್ಲಿ. ನಮ್ಮೂರಿನ ಹೊಗೆ ಅಲ್ಲಿ ಹೋಗಿ ತಯಾರಿಸಿದ್ರು.

ಕಾಫಿಪುಡಿ
ಕನ್ನಡದಲ್ಲಿ ಯಾವುದಿದೆ ಈ ತರ?

ಟಾಕೀಸ್_ತಿಮ್ಮ
"ಕವಲುದಾರಿ" (2019). ರಿಷಿ ಟ್ರಾಫಿಕ್ ಪೊಲೀಸ್, ಕ್ರೈಂ ಕೇಸ್ ಬೇಕು ಅಂತ ಒದ್ದಾಡೋನು. ಅನಂತನಾಗ್ ಕುಡಿದು ಕೂತ ನಿವೃತ್ತ ಇನ್ಸ್‌ಪೆಕ್ಟರ್ ಮುತ್ತಣ್ಣ. ದಶಕಗಳ ಹಿಂದಿನ ಕೇಸು. ಹೊಂದದ ಜೋಡಿ, ನ್ವಾರ್ ಎರಡೂ ಇದೆ.

ಕ್ಯಾಮೆರಾ_ಕಣ್ಣು
ಆದ್ರೆ ಕಾಮಿಡಿ ಇಲ್ಲ. ಅನಂತನಾಗ್‌ಗೆ ನಗಿಸೋಕೆ ಬರಲ್ಲ ಅಂತ ಯಾರೂ ಹೇಳಲ್ಲ, ನಿರ್ದೇಶಕ ಹೇಮಂತ್ ರಾವ್ ಬೇಕಂತಲೇ ಆ ಬಾಗಿಲು ಮುಚ್ಚಿದ್ದಾರೆ. ಅದೇ ವರ್ಷದ "ಬೆಲ್ ಬಾಟಂ" ಲಿ ಕಾಮಿಡಿ ಇದೆ, ಎಂಬತ್ತರ ದಶಕ ಇದೆ, ಪತ್ತೇದಾರಿ ಕಾದಂಬರಿ ಓದಿ ಕೆಟ್ಟ ಕಾನ್‌ಸ್ಟೆಬಲ್ ದಿವಾಕರ ಇದ್ದಾನೆ, ಪೊಲೀಸ್ ಸ್ಟೇಷನ್ನಲ್ಲೇ ಕಳ್ಳತನ ಆಗೋ ಚೆಂದದ ಎಳೆ ಇದೆ. ಆದ್ರೆ ದಿವಾಕರನ ಎದುರು ನಿಂತು "ನೀನು ಪೆದ್ದ" ಅನ್ನೋ ಸರಿಸಮ ಜೊತೆಗಾರ ಇಲ್ಲ. ಇವೆರಡನ್ನ ಕೂಡಿಸಿದ್ರೆ ನಮಗೆ ಬೇಕಾದ್ದು ಆಗುತ್ತೆ.

ಕುಡ್ಲದ_ಕುಂಟಾಂಗಿಲ
ಸಮಸ್ಯೆ ಎಂತ ಅಂದ್ರೆ ನಮ್ಮಲ್ಲಿ ಹೀರೋ ಪಕ್ಕ ಕಾಮಿಡಿಯನ್ ಇರ್ತಾನೆ, ಜೋಡಿ ಇರುವುದಿಲ್ಲ. ಪೆಟ್ಟು ತಿನ್ನುವುದು, ಹೆದರುವುದು, ಜಾರಿ ಬೀಳುವುದು ಎಲ್ಲ ಕಾಮಿಡಿಯನ್ ಪಾಲು. ಹೀರೋ ಮರ್ಯಾದೆಗೆ ಒಂದು ಗೀರು ಬೀಳಬಾರದು. ರಾಜ್‌ಕುಮಾರ್ ಸಿಐಡಿ 999 ಸಿನಿಮಾಗಳಲ್ಲಿ ನರಸಿಂಹರಾಜು ಇದ್ದರು, ನಕ್ಕು ಸಾಯ್ತಿದ್ದೆವು, ಆದ್ರೆ ಹೀರೋ ಯಾರು ಅಂತ ಯಾರಿಗೂ ಅನುಮಾನ ಇರಲಿಲ್ಲ. ಇಲ್ಲಿ ಗೊಸ್ಲಿಂಗ್, ಕ್ರೋ ಇಬ್ಬರೂ ಹೀರೋಗಳೇ, ಇಬ್ಬರೂ ಮಾನ ಕಳೆದುಕೊಳ್ಳಲಿಕ್ಕೆ ತಯಾರು. ಬಾಗಿಲಿನ ಗಾಜು ಒಡೆಯಲು ಹೋಗಿ ಕೈ ಕುಯ್ದುಕೊಂಡು ಆಂಬ್ಯುಲೆನ್ಸಿನಲ್ಲಿ ಹೋಗುವ ಸೀನು ನಮ್ಮ ಯಾವ ಸ್ಟಾರ್ ಒಪ್ಪುತ್ತಾನೆ ಹೇಳಿ?

ಟಾಕೀಸ್_ತಿಮ್ಮ
ಸ್ಟಾರ್ ಒಪ್ಪಿದ್ರೂ ಅಭಿಮಾನಿಗಳು ಒಪ್ಪಲ್ಲ. ಪೋಸ್ಟರಿಗೆ ಹಾಲು ಹಾಕೋ ಬದಲು ಮೊಸರು ಹಾಕ್ತಾರೆ.

ಲೇಡಿ_ಪತ್ತೇದಾರಿ
ದೂರದರ್ಶನದ "ಕರಮ್‌ಚಂದ್" ಯಾರಿಗಾದ್ರೂ ನೆನಪಿದ್ಯಾ? ಎಂಬತ್ತರ ದಶಕದ ಮಧ್ಯಭಾಗ. ಪಂಕಜ್ ಕಪೂರ್ ಕ್ಯಾರೆಟ್ ಕಡೀತಾ ಕೇಸ್ ಬಿಡಿಸೋನು, ಸೆಕ್ರೆಟರಿ ಕಿಟ್ಟಿ ಪೆದ್ದುಪೆದ್ದಾಗಿ ಏನೋ ಕೇಳೋಳು, ಅವನು ಬಾಯ್ಮುಚ್ಚು ಕಿಟ್ಟಿ ಅನ್ನೋನು. ನಮ್ಮಮ್ಮನಿಗೆ ಕಿಟ್ಟಿ ಇಷ್ಟ, ಕರಮ್‌ಚಂದ್ ಕಂಡ್ರೆ ಕೋಪ. ಅವಳು ಒಂದು ಎಪಿಸೋಡಲ್ಲಾದ್ರೂ ತಿರುಗಿ ನೀನು ಬಾಯ್ಮುಚ್ಚು ಅಂದಿದ್ರೆ ಅಂತ ಈಗಲೂ ಹೇಳ್ತಾರೆ.

ಮಲೆನಾಡ_ಮಳೆ
ಸಿನಿಮಾ ಬಿಡಿ. ತೇಜಸ್ವಿಯವರ "ಚಿದಂಬರ ರಹಸ್ಯ" ಓದಿ ನೋಡಿ ಈ ಕಣ್ಣಿಂದ. ಕೆಸರೂರಿಗೆ ಅಂಗಾಡಿ ಅನ್ನೋ ಅಧಿಕಾರಿ ತನಿಖೆಗೆ ಬರ್ತಾನೆ, ಏಲಕ್ಕಿ ವಿಷಯ, ವಿಜ್ಞಾನಿ ಜೋಗಿಹಾಳರ ಸಾವು. ಯಾರನ್ನ ಕೇಳಿದ್ರೂ ಒಂದೊಂದು ಅಡ್ಡಕಥೆ. ಓದ್ತಾ ನಗು ತಡೆಯೋಕಾಗಲ್ಲ, ಆದ್ರೆ ಊರೊಳಗೆ ಜಾತಿ, ಮತ, ಕಾಡುಗಳ್ಳತನ ಎಲ್ಲಾ ಕುದೀತಾ ಇರುತ್ತೆ. ಪತ್ತೇದಾರ ಗಂಟು ಬಿಚ್ಚೋ ಹೊತ್ತಿಗೆ ಊರಿಗೇ ಬೆಂಕಿ. ಗ್ರಾಮಫೋನ್ ಹೇಳಿದ ನೀರು, ರಸ್ತೆ, ಗಾಳಿ ಪಟ್ಟಿಗೆ ಇದನ್ನೂ ಸೇರಿಸಿ. ನಮ್ಮ ಸಿನಿಮಾದವರು ಮಳೆ, ಮಂಜು, ಕಾಫಿ ತೋಟ ಅಂತ ಥ್ರಿಲ್ಲರ್ ಮಾಡ್ತಾನೇ ಇದ್ದಾರೆ, ಆ ನಗು ಯಾರಿಗೂ ಸಿಕ್ಕಿಲ್ಲ.

ಗ್ರಾಮಫೋನ್
ಸೇರಿಸಿದೆ. ಜೋಡಿ ಇಲ್ಲ ಅನ್ನೋದೊಂದೇ ಕೊರತೆ, ಆದ್ರೆ ಕೆಸರೂರಿನ ಇಡೀ ಊರೇ ಅಂಗಾಡಿಗೆ ಹೊಂದದ ಜೊತೆಗಾರ ಅನ್ಬಹುದು.

ಸೈಲೆನ್ಸರ್
ಬೆಂಗಳೂರಿಗೆ ಮಾಡೋದಾದ್ರೆ ಕೆರೆ ಮೇಲೆ ಮಾಡಬೇಕು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೇಲಿ. ಬೆಳ್ಳಂದೂರು ಕೆರೆ ನೊರೆ ರಸ್ತೆಗೆ ಹಾರಿ ಬಂದು ಬೈಕಿನವರ ಮೇಲೆ ಕೂರ್ತಿತ್ತು, ಕೆರೆಗೇ ಬೆಂಕಿ ಬೀಳ್ತಿತ್ತು. ನೀರಿಗೆ ಬೆಂಕಿ ಬಿದ್ದ ಕೇಸು! ಒಬ್ಬ ಸರ್ವೇ ಇಲಾಖೆ ನಿವೃತ್ತ ಗುಮಾಸ್ತ, ಹಳೇ ನಕ್ಷೆ ಎಲ್ಲಾ ಬಾಯಿಪಾಠ, ಬಾಯಿಬಿಟ್ರೆ ನಿಯಮ. ಇನ್ನೊಬ್ಬಳು ನೀರಿನ ಟ್ಯಾಂಕರ್ ಓಡಿಸೋ ಹುಡುಗಿ, ನಿಯಮ ಅಂದ್ರೆ ಉರಿದು ಬೀಳೋಳು. ನೊರೆಯೊಳಗೆ ಒಂದು ಹೆಣ ಸಿಗುತ್ತೆ.

ಲೇಡಿ_ಪತ್ತೇದಾರಿ
ಇದನ್ನ ಯಾರಾದ್ರೂ ಈಗಲೇ ಬರೀರಪ್ಪ. ಟ್ಯಾಂಕರ್ ಹುಡುಗಿಗೆ ಕೊನೇಲಿ ಮದುವೆ ಮಾಡಬೇಡಿ, ಅಷ್ಟು ಸಾಕು.

ಹುಬ್ಬಳ್ಳಿ_ಹುಂಬ
ಗುಮಾಸ್ತನ ಪಾತ್ರ ಧಾರವಾಡದಾಂವಗ ಕೊಡ್ರಿ. ಬೆಂಗಳೂರಾಗ ಇವನ ಮಾತು ಅರ್ಧಾ ಯಾರಿಗೂ ತಿಳೀಬಾರದು.

ಟಾಕೀಸ್_ತಿಮ್ಮ
ನಾನೇ ಪ್ರೊಡ್ಯೂಸ್ ಮಾಡ್ತೀನಿ. ಒಂದು ಡಾಲರ್ ಇದೆ ನನ್ನ ಹತ್ರ.

ಕ್ಯಾಮೆರಾ_ಕಣ್ಣು
"ಕಿಸ್ ಕಿಸ್" ಬಗ್ಗೆ ಒಂದು ಮಾತು ಉಳೀತು. ವಾಲ್ ಕಿಲ್ಮರ್ 2025ರ ಏಪ್ರಿಲ್‌ನಲ್ಲಿ ಹೋದಾಗ ಎಲ್ಲರೂ ಬ್ಯಾಟ್‌ಮನ್, ವಿಮಾನದ ಸಿನಿಮಾ ನೆನೆಸ್ಕೊಂಡ್ರು. ನನಗೆ ಪೆರಿನೇ ಮೇಲು. ಸಲಿಂಗಿ ಪತ್ತೇದಾರ, ಆ ಸಿನಿಮಾದಲ್ಲಿ ಕಸುಬು ಸರಿಯಾಗಿ ಗೊತ್ತಿರೋ ಒಬ್ಬನೇ ಮನುಷ್ಯ. ಅವನ ಮೇಲಿನ ಕೆಲವು ಜೋಕು ಇವತ್ತಿಗೆ ಹಳಸಿವೆ, ಆದ್ರೆ ಕಿಲ್ಮರ್ ಒಂದು ಕ್ಷಣವೂ ಪಾತ್ರಾನ ಹಗುರ ಮಾಡಿಲ್ಲ.

ಮಧ್ಯರಾತ್ರಿ_ಮ್ಯಾಟಿನಿ
ಇಷ್ಟೆಲ್ಲ ಬರ್ತದೆ ಅಂತ ಅಂದ್ಕೊಂಡಿರಲಿಲ್ಲ. ಆದ್ರೆ ಗ್ರಾಮಫೋನ್ ಮಾತು ಪೂರ್ತಿ ಒಪ್ಪಲ್ಲ. ಆ ಇಬ್ಬರೂ ಬದಲಾಗ್ತಾರೆ ಅಂದ್ರಿ. ಕುಡಿಯದ ಹೀಲಿ ಕೊನೇಲಿ ಮತ್ತೆ ಕುಡಿಯೋಕೆ ಶುರು ಮಾಡ್ತಾನೆ. ಮಾರ್ಚ್ ಹೊಸ ಏಜೆನ್ಸಿ ಜಾಹೀರಾತು ಹಾಕಿಸ್ತಾನೆ, ಅದರಲ್ಲಿ ಹೀಲಿ ಚಿತ್ರ ಹೀಲಿ ತರಾನೇ ಇಲ್ಲ. ಇದರಲ್ಲಿ ಬದಲಾವಣೆ ಎಲ್ಲಿದೆ? ಬದಲಾಗದೇನೇ ಒಟ್ಟಿಗಿರೋಕೆ ಒಪ್ತಾರೆ, ಅಷ್ಟೇ. ನನಗೆ ಅದೇ ಇಷ್ಟ ಆಗಿದ್ದು ಅನ್ಸುತ್ತೆ.

ಗ್ರಾಮಫೋನ್
ಹ್ಮ್. ಹೀಲಿ ಕ್ಲೈಮ್ಯಾಕ್ಸಲ್ಲಿ ಕೈ ಹಿಂದೆ ತಗೊಂಡಿದ್ದನ್ನ ಲೆಕ್ಕಕ್ಕೆ ಹಿಡೀದೆ ಬಿಟ್ರಿ ನೀವು. ಅದನ್ನ ಬಿಟ್ರೆ ಜಗಳಕ್ಕೆ ಬರ್ತೀನಿ.

ಕಾಫಿಪುಡಿ
ಭಾನುವಾರ ಮನೇಲಿ ಎಲ್ಲರ ಜತೆ ನೋಡೋಕೆ ಯಾವುದು ಹಾಕ್ಲಿ? ಅಪ್ಪ, ಅಮ್ಮ, ಅಕ್ಕನ ಮಗ ಏಳು ವರ್ಷದವನು.

ಲೇಡಿ_ಪತ್ತೇದಾರಿ
"ನೈಸ್ ಗೈಸ್" ಅಪ್ಪಿತಪ್ಪಿಯೂ ಬೇಡ! ಮೊದಲ ಐದು ನಿಮಿಷಕ್ಕೇ ರಿಮೋಟ್ ಹುಡುಕ್ತೀರಿ. "ಕಿಸ್ ಕಿಸ್" ಕೂಡ ಬೇಡ.

ರೈಲ್ವೆ_ರಂಗಣ್ಣ
ರಾಜರ್ ರ್‍ಯಾಬಿಟ್ ಹಾಕಿ. ಕಾರ್ಟೂನ್ ಮೊಲ, ಕುಡುಕ ಪತ್ತೇದಾರ ಎಡ್ಡಿ. ಅವನ ಸೋದರನನ್ನ ಒಂದು ಕಾರ್ಟೂನು ತಲೆ ಮೇಲೆ ಪಿಯಾನೋ ಬೀಳಿಸಿ ಕೊಂದಿದೆ, ಅದಕ್ಕೆ ಕಾರ್ಟೂನುಗಳನ್ನ ಕಂಡ್ರಾಗಲ್ಲ. ಇಬ್ಬರ ಕೈಗೂ ಒಂದೇ ಬೇಡಿ ಬಿದ್ದಿರುತ್ತೆ. ಎಡ್ಡಿ ಗರಗಸ ಹಿಡಿದು ಬೆವರು ಸುರಿಸಿ ಬೇಡಿ ಕೊಯ್ತಿದ್ರೆ ಕೆಳಗಿಟ್ಟ ಪೆಟ್ಟಿಗೆ ಅಲ್ಲಾಡುತ್ತೆ. ಮೊಲ ಸಲೀಸಾಗಿ ಬೇಡಿಯಿಂದ ಕೈ ಈಚೆ ತೆಗೆದು ಪೆಟ್ಟಿಗೆ ಹಿಡ್ಕೊಳ್ಳುತ್ತೆ. ಮೊದಲೇ ತೆಗೀಬಹುದಿತ್ತಾ ಅಂತ ಎಡ್ಡಿ ರೇಗಿದ್ರೆ, ಇಲ್ಲ, ನಗು ಬರೋ ಹೊತ್ತಲ್ಲಿ ಮಾತ್ರ ಆಗುತ್ತೆ ಅನ್ನುತ್ತೆ.

ಹುಡುಗನಿಗೆ ಅದು ಖಂಡಿತ ಹಿಡಿಸುತ್ತೆ. ಆದ್ರೆ ಖಳನಾಯಕ ನ್ಯಾಯಾಧೀಶ ಡೂಮ್ ಒಂದು ಪುಟ್ಟ ಕಾರ್ಟೂನ್ ಬೂಟನ್ನ ಕರಗಿಸೋ ದ್ರಾವಣದಲ್ಲಿ ಅದ್ದೋ ಸೀನಲ್ಲಿ ಅವನನ್ನ ಅಡುಗೆಮನೆಗೆ ನೀರು ತರೋಕೆ ಕಳಿಸಿ. ನಮ್ಮ ಮಗಳು ಒಂದು ವಾರ ಶೂ ಹಾಕಲಿಲ್ಲ.

ಕಾಫಿಪುಡಿ
ಸರಿ, ನೀರಿಗೆ ಕಳಿಸ್ತೀನಿ. ಅಪ್ಪಂಗೆ ಸಬ್‌ಟೈಟಲ್ ಓದೋಕೆ ಕಷ್ಟ, ನಾನೇ ಪಕ್ಕ ಕೂತು ಹೇಳ್ಬೇಕು. ಅವರು ಅರ್ಧಕ್ಕೇ ಕೊಲೆಗಾರ ಯಾರು ಅಂತ ಕೇಳೋಕೆ ಶುರು ಮಾಡ್ತಾರೆ.

ಟಾಕೀಸ್_ತಿಮ್ಮ
ಜಿಎಂ ಖಜಾಂಚಿ ಅಂತ ಹೇಳಿಬಿಡಿ.